ಕುಲಲಾಂಛನ ಮತ್ತು ಕಂಬ: ಬೆಡಗು, ದೇವಕ, ಭೂತಮೂರ್ತಿಗಳ ಹಿನ್ನೆಲೆಯಲ್ಲಿ ಒಂದು ತೌಲನಿಕ ವಿವೇಚನೆ

1. ಪ್ರವೇಶ

ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳು ಕೆತ್ತಿ ನಿಲ್ಲಿಸುವ ಬೃಹತ್ ಮರದ ಕಂಬಗಳು ‘ಟೋಟೆಮ್ ಕಂಬ’ಗಳೆಂದು ಲೋಕಪ್ರಸಿದ್ಧವಾಗಿವೆ. ಮಾನವಶಾಸ್ತ್ರದ ಪಠ್ಯಗಳ ಮೂಲಕ ಈ ಹೆಸರು ಕನ್ನಡಕ್ಕೂ ಬಂದಿದೆ. ಬೆಡಗು, ಬಳಿ, ಕುಲಚಿಹ್ನೆಗಳ ಬಗೆಗೆ ಬರೆಯುವಾಗ ‘ಟೋಟೆಮ್’ ಎಂಬ ಪದವನ್ನು ಬಳಸುವುದು ಕನ್ನಡ ಜಾನಪದ ಅಧ್ಯಯನದಲ್ಲಿ ವಾಡಿಕೆಯಾಗಿದೆ. ಆದರೆ ಈ ಪದದ ಹಿಂದಿರುವ ವಸ್ತುಸ್ಥಿತಿ ಯಾವುದು, ಅದು ನಮ್ಮ ಸಾಮಗ್ರಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ, ಹೊಂದದೆಡೆಯಲ್ಲಿ ನಮ್ಮದೇ ಪರಿಭಾಷೆ ಏನನ್ನು ಹೇಳುತ್ತದೆ ಎಂಬ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಎತ್ತಿಕೊಂಡದ್ದು ಕಡಿಮೆ. ಪ್ರಸ್ತುತ ಲೇಖನದಲ್ಲಿ ವಾಯವ್ಯ ಕರಾವಳಿಯ ಕಂಬಗಳನ್ನು ಕರ್ನಾಟಕದ ನಾಲ್ಕು ಬಗೆಯ ಸಾಮಗ್ರಿಯೊಂದಿಗೆ ಇಟ್ಟು ನೋಡಲಾಗಿದೆ: ಶಾಸನೋಕ್ತ ಲಾಂಛನ, ಬೆಡಗು ಮತ್ತು ದೇವಕ, ವೀರಗಲ್ಲು, ಕರಾವಳಿಯ ಮರದ ಭೂತಮೂರ್ತಿ. ಬೀದರ ಜಿಲ್ಲೆಯ ಹುಡಗಿ, ಹುಮನಾಬಾದ್, ಬಸವಕಲ್ಯಾಣ ಪರಿಸರವನ್ನು ವಿಶೇಷವಾಗಿ ಗಮನದಲ್ಲಿಟ್ಟುಕೊಳ್ಳಲಾಗಿದೆ. ಕನ್ನಡ, ಮರಾಠಿ, ತೆಲುಗು, ಉರ್ದು ಭಾಷಿಕರು ಕೂಡಿ ಬಾಳುವ ಈ ಗಡಿಭಾಗದಲ್ಲಿ ಕನ್ನಡದ ಬೆಡಗೂ ಮರಾಠಿಯ ದೇವಕವೂ ನೆರೆಹೊರೆಯಾಗಿರುವುದೇ ಇದಕ್ಕೆ ಕಾರಣ.

2. ಪದದ ಪ್ರಶ್ನೆ

‘ಟೋಟೆಮ್’ ಎಂಬುದು ಅಮೆರಿಕದ ಮಹಾಸರೋವರಗಳ ಸುತ್ತಣ ಒಜಿಬ್ವೆ ಜನರ ಭಾಷೆಯಿಂದ ಬಂದ ಪದ. ಕುಲಬಾಂಧವ್ಯವನ್ನು ಸೂಚಿಸುವ ಅಲ್ಲಿಯ ಶಬ್ದವೊಂದರ ಆಂಗ್ಲ ರೂಪ. ಜಾನ್ ಲಾಂಗ್ ಎಂಬ ವ್ಯಾಪಾರಿ 1791ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಇದು ಮೊದಲಿಗೆ ಕಾಣಿಸಿಕೊಂಡಿತು. ಮುಂದೆ ಮ್ಯಾಕ್‌ಲೆನನ್, ಫ್ರೇಜರ್, ಡರ್ಖೈಮ್ ಮೊದಲಾದವರು ಈ ಪದವನ್ನು ಜಗತ್ತಿನ ಎಲ್ಲ ಬುಡಕಟ್ಟುಗಳಿಗೂ ಅನ್ವಯವಾಗುವ ಒಂದು ‘ಧರ್ಮ’ದ ಹೆಸರಾಗಿ ಬೆಳೆಸಿದರು. ಫ್ರೇಜರನ ನಾಲ್ಕು ಸಂಪುಟಗಳ ‘ಟೋಟೆಮಿಸಂ ಅಂಡ್ ಎಕ್ಸೋಗಮಿ’ ಹೊರಬಂದದ್ದು 1910ರಲ್ಲಿ. 1962ರಲ್ಲಿ ಲೆವಿಸ್ಟ್ರಾಸ್ ಈ ಇಡೀ ಪರಿಕಲ್ಪನೆಯನ್ನೇ ಪ್ರಶ್ನಿಸಿ, ಟೋಟೆಮ್ ಎಂಬುದು ಪೂಜೆಯ ವಿಧಾನವಲ್ಲ, ಮನುಷ್ಯಗುಂಪುಗಳ ನಡುವಣ ಭೇದವನ್ನು ಪ್ರಾಣಿಸಸ್ಯಗಳ ನಡುವಣ ಭೇದದ ಮೂಲಕ ಆಲೋಚಿಸುವ ಒಂದು ವರ್ಗೀಕರಣ ಕ್ರಮ ಎಂದು ವಾದಿಸಿದನು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಟೋಟೆಮ್ ಎಂಬ ಪದವನ್ನು ಕೊಟ್ಟ ಒಜಿಬ್ವೆಯರು ಈ ಕಂಬಗಳನ್ನು ಕೆತ್ತಿದವರಲ್ಲ. ಕಂಬಗಳನ್ನು ಕೆತ್ತಿದ ಜನರ ಭಾಷೆಗಳಲ್ಲಿ ಆ ಪದವಿಲ್ಲ. ಕಂಬಗಳು ಅಲಾಸ್ಕದ ಆಗ್ನೇಯ ಭಾಗ ಹಾಗೂ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕರಾವಳಿಗೆ ಸೇರಿದವು. ಟ್ಲಿಂಗಿಟ್, ಹೈಡಾ, ತ್ಸಿಂಶಿಯನ್, ನಿಸ್‌ಗಾ, ಗಿಟ್‌ಕ್ಸಾನ್, ಹೈಸ್ಲಾ, ನುಹಾಲ್ಕ್, ಕ್ವಾಕ್ವಕವಾಕ್ವ ಮುಂತಾದ ಜನಾಂಗಗಳು ಇವುಗಳ ಒಡೆಯರು. ಖಂಡದ ಒಂದು ಭಾಗದ ಪದವನ್ನು ಇನ್ನೊಂದು ಭಾಗದ ವಸ್ತುವಿಗೆ ಅಂಟಿಸಿದವರು ಹೊರಗಿನವರು. ಆದ್ದರಿಂದ ‘ಟೋಟೆಮ್ ಕಂಬ’ ಎಂಬ ಹೆಸರೇ ಒಂದು ಸ್ಥಾನಪಲ್ಲಟದ ಕುರುಹಾಗಿದೆ. ಅದನ್ನು ಮೂರನೆಯ ನೆಲಕ್ಕೆ, ಅಂದರೆ ಕನ್ನಡ ನೆಲಕ್ಕೆ, ತರುವಾಗ ಎಚ್ಚರ ಅಗತ್ಯ.

3. ಕಂಬ: ವಿಗ್ರಹವಲ್ಲ, ಪ್ರಶಸ್ತಿ

ವಾಯವ್ಯ ಕರಾವಳಿಯ ಕಂಬಗಳು ಬಹುಪಾಲು ಕೆಂಪು ಸೀಡರ್ ಮರದವು. ನೇರವಾದ ಎಳೆ, ಹಗುರತನ, ಕೊಳೆಯನ್ನು ತಡೆಯುವ ಗುಣ ಇವು ಆ ಮರವನ್ನು ಕೆತ್ತನೆಗೆ ಒದಗಿಸಿದವು. ಕಂಬಗಳಲ್ಲಿ ಹಲವು ಬಗೆಗಳುಂಟು. ಮನೆಯ ತೊಲೆಗಳನ್ನು ಹೊರುವ ಒಳಗಂಬ. ಮನೆಯ ಮುಂಭಾಗದಲ್ಲಿ ನಿಂತು ಕೆಲವೊಮ್ಮೆ ಪ್ರವೇಶದ್ವಾರವನ್ನೂ ಹೊಂದಿರುವ ಮುಂಗಂಬ. ಸತ್ತವರ ಅವಶೇಷವನ್ನು ತುದಿಯ ಪೆಟ್ಟಿಗೆಯಲ್ಲಿಡುವ ಹೈಡಾ ಜನರ ಶವಸಂಪುಟದ ಕಂಬ. ತೀರಿಕೊಂಡ ನಾಯಕನ ನೆನಪಿಗೆ ಉತ್ತರಾಧಿಕಾರಿ ನಿಲ್ಲಿಸುವ ಸ್ಮಾರಕಗಂಬ. ಸಾಲ ತೀರಿಸದವನನ್ನು ನಾಚಿಸಲು ನಿಲ್ಲಿಸುವ ಹಳಿವಿನ ಕಂಬ. ಐರೋಪ್ಯ ಸಂಪರ್ಕದ ಆರಂಭದಲ್ಲಿಯೇ, ಅಂದರೆ 1788ರಲ್ಲಿ ಜಾನ್ ಮಿಯರ್ಸ್, 1791ರಲ್ಲಿ ಎತಿಯೆನ್ ಮಾರ್ಶಾಂದ್ ಅವರ ಯಾನಗಳ ಕಾಲದಲ್ಲಿ, ಕೆತ್ತನೆಯ ಕಂಬಗಳನ್ನು ಕಂಡ ದಾಖಲೆಗಳಿವೆ. ತುಪ್ಪುಳಿನ ವ್ಯಾಪಾರದಿಂದ ಬಂದ ಕಬ್ಬಿಣದ ಉಪಕರಣ ಮತ್ತು ಸಂಪತ್ತು 19ನೆಯ ಶತಮಾನದಲ್ಲಿ ಈ ಕಲೆಯನ್ನು ಹೆಚ್ಚಿಸಿದವು, ಹುಟ್ಟಿಸಲಿಲ್ಲ.

ಕಂಬದ ಮೇಲೆ ಒಂದರ ಮೇಲೊಂದರಂತೆ ಕೂತ ಕಾಗೆ, ಹದ್ದು, ತೋಳ, ಕರಡಿ, ತಿಮಿಂಗಿಲ, ಬೀವರ್ ಮುಂತಾದ ಆಕೃತಿಗಳನ್ನು ಕಂಡ ಮಿಷನರಿಗಳು ಅವನ್ನು ಪೂಜೆಗೊಳ್ಳುವ ವಿಗ್ರಹಗಳೆಂದು ಭಾವಿಸಿದರು. ವಾಸ್ತವವಾಗಿ ಕಂಬಕ್ಕೆ ಪೂಜೆಯಿಲ್ಲ. ಆಕೃತಿಗಳು ಆ ಮನೆತನಕ್ಕೆ ಸೇರಿದ ಲಾಂಛನಗಳು. ಒಬ್ಬ ಪೂರ್ವಜನಿಗೆ ಆ ಪ್ರಾಣಿಯೊಂದಿಗೆ ಅಥವಾ ಅತಿಮಾನುಷ ಜೀವಿಯೊಂದಿಗೆ ಆದ ಮುಖಾಮುಖಿಯ ಕಥೆಯಿಂದ ಆ ಲಾಂಛನ ದೊರೆತಿರುತ್ತದೆ. ಕರಡಿಯನ್ನು ಮದುವೆಯಾದ ಹೆಣ್ಣಿನ ಕಥೆ ಇದಕ್ಕೆ ಹೆಸರಾಂತ ನಿದರ್ಶನ. ಲಾಂಛನದ ಜೊತೆಗೆ ಆ ಕಥೆಯನ್ನು ಹೇಳುವ ಹಕ್ಕು, ಅದರ ಹಾಡನ್ನು ಹಾಡುವ ಹಕ್ಕು, ಕಥೆ ನಡೆದ ನೆಲ ಜಲಗಳ ಮೇಲಿನ ಹಕ್ಕು ಇವೆಲ್ಲ ಕೂಡಿಬರುತ್ತವೆ. ಬೇರೊಂದು ಮನೆತನ ಅದನ್ನು ಬಳಸಿದರೆ ಅದು ಕಳವು.

ಕನ್ನಡ ವಿದ್ವಾಂಸರಿಗೆ ಇದು ಅಪರಿಚಿತವಾದ ಲೋಕವಲ್ಲ. ಶಾಸನಗಳ ಪ್ರಶಸ್ತಿಭಾಗದಲ್ಲಿ ಅರಸು ಮನೆತನದ ಮೂಲಕಥೆ, ಪುರವರಾಧೀಶ್ವರತ್ವ, ಲಾಂಛನ, ಧ್ವಜ, ವಾದ್ಯ, ಬಿರುದುಗಳು ನಿರ್ದಿಷ್ಟ ಕ್ರಮದಲ್ಲಿ ಬರುತ್ತವೆ. ಬಸವಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡ ಚಾಲುಕ್ಯರಿಗೆ ವರಾಹಲಾಂಛನ. ಬನವಾಸಿಯ ಕದಂಬರಿಗೆ ಸಿಂಹಲಾಂಛನ. ಸವದತ್ತಿಯ ರಟ್ಟರಿಗೆ ಸಿಂಧೂರಲಾಂಛನವೂ ಸುವರ್ಣಗರುಡಧ್ವಜವೂ ಬೇರೆಬೇರೆಯಾಗಿ ಸಲ್ಲುತ್ತವೆ. ಚಾಲುಕ್ಯರು ವರಾಹದಿಂದ ಹುಟ್ಟಿದವರೆಂದು ಯಾರೂ ಅರ್ಥೈಸುವುದಿಲ್ಲ; ಆ ಲಾಂಛನ ಅವರಿಗೆ ದೈವಪ್ರಸಾದವಾಗಿ ಬಂದ ಹಕ್ಕು ಎಂದು ಶಾಸನಗಳು ಹೇಳುತ್ತವೆ. ವಾಯವ್ಯ ಕರಾವಳಿಯ ಕಂಬವೂ ಇಂಥದೇ ಪ್ರಶಸ್ತಿ, ಅಕ್ಷರದಲ್ಲಿಲ್ಲ, ಆಕೃತಿಯಲ್ಲಿದೆ. ಈ ಕಾರಣದಿಂದ ಕನ್ನಡದಲ್ಲಿ ಅದನ್ನು ‘ಲಾಂಛನಗಂಬ’ ಎಂದು ಕರೆಯುವುದು ಹೆಚ್ಚು ಉಚಿತ. ಈ ಲೇಖನದಲ್ಲಿ ಮುಂದೆ ಆ ಪದವನ್ನೇ ಬಳಸಲಾಗಿದೆ.

ಎರಡಕ್ಕೂ ಇರುವ ಅಂತರವನ್ನೂ ಮರೆಯಬಾರದು. ಹುಮನಾಬಾದ್ ತಾಲೂಕಿನ ಜಲಸಂಗಿಯ ದೇವಾಲಯದ ಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನನ್ನು ಕೊಂಡಾಡುವ ಶಾಸನವನ್ನು ಬರೆಯುತ್ತಿರುವ ಮದನಿಕೆಯ ಶಿಲ್ಪವಿದೆ. ಅಲ್ಲಿ ಶಿಲ್ಪವೇ ತನ್ನ ಮಾತನ್ನು ತಾನೇ ಬರೆದುಕೊಂಡು ನಿಂತಿದೆ. ಅರಸು ಅಳಿದರೂ, ನೋಡುವವರು ಬದಲಾದರೂ ಓದಬಲ್ಲವರಿಗೆ ಆ ಮಾತು ಸಿಗುತ್ತದೆ. ಲಾಂಛನಗಂಬಕ್ಕೆ ಈ ಸೌಕರ್ಯವಿಲ್ಲ. ಒಂದು ಕರಡಿಯ ಆಕೃತಿ ಯಾವ ಕರಡಿ, ಯಾರ ಕರಡಿ ಎಂಬುದು ಮರದಲ್ಲಿಲ್ಲ, ಹಕ್ಕುಳ್ಳವರ ಬಾಯಿಯಲ್ಲಿದೆ. ಕಂಬವನ್ನು ಆ ಬಾಯಿಯಿಂದ ಬೇರ್ಪಡಿಸಿದ ಕ್ಷಣದಲ್ಲಿ ಅದು ಅರ್ಧ ಶಾಸನವಾಗುತ್ತದೆ.

4. ಬೆಡಗು, ಬಳಿ, ದೇವಕ

ಕರ್ನಾಟಕದ ಕುಲಚಿಹ್ನೆಗಳ ವಿಷಯದಲ್ಲಿ ಮೊದಲ ವಿಸ್ತಾರವಾದ ಸಂಗ್ರಹಗಳು ವಸಾಹತುಕಾಲದ ಜನಾಂಗ ವಿವರಣೆಗಳಲ್ಲಿವೆ. ಥರ್ಸ್ಟನ್ ಮತ್ತು ರಂಗಾಚಾರಿಯವರ ಏಳು ಸಂಪುಟಗಳು (1909), ಎಂಥೋವನ್ ಅವರ ಮುಂಬಯಿ ಪ್ರಾಂತದ ಜಾತಿ ಬುಡಕಟ್ಟುಗಳ ಸಂಪುಟಗಳು (1920-22), ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಸಂಪುಟಗಳು ಇವುಗಳಲ್ಲಿ ಮುಖ್ಯವಾದವು. ಕುರುಬರ ಬೆಡಗುಗಳೆಂದು ಥರ್ಸ್ಟನ್ ಕೊಡುವ ಪಟ್ಟಿಯಲ್ಲಿ ಆನೆ, ಅರಿಶಿನ, ಬನ್ನಿ, ಜೀರಿಗೆ, ಬೆಳ್ಳಿ, ಹುತ್ತ, ಚಂದ್ರ ಮುಂತಾದವು ಬರುತ್ತವೆ. ಪ್ರಾಣಿ, ಸಸ್ಯ, ಲೋಹ, ಉಪಕರಣ, ಆಕಾಶಕಾಯ ಎಲ್ಲವೂ ಒಂದೇ ಪಂಕ್ತಿಯಲ್ಲಿರುವುದನ್ನು ಇಲ್ಲಿ ಗಮನಿಸಬೇಕು. ಜೀರಿಗೆ ಬೆಡಗಿನವರು ಜೀರಿಗೆಯ ಸಂತಾನವೆಂದು ಹೇಳಿಕೊಳ್ಳುವುದಿಲ್ಲ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಕೊಟ್ಟು ತರುವ ಸಂಬಂಧವಿಲ್ಲ ಎಂಬುದು ಅದರ ಪ್ರಧಾನ ಕಾರ್ಯ. ಚಿಹ್ನೆಯಾದ ವಸ್ತುವನ್ನು ಕಡಿಯಬಾರದು, ತಿನ್ನಬಾರದು ಎಂಬ ನಿಷೇಧ ಕೆಲವೆಡೆ ಉಳಿದಿದೆ, ಹಲವೆಡೆ ಅಳಿದಿದೆ. ವಿವಾಹನಿಯಮ ಮಾತ್ರ ಗಟ್ಟಿಯಾಗಿ ನಿಂತಿದೆ.

ಉತ್ತರ ಕನ್ನಡದಲ್ಲಿ ಹಾಗೂ ತುಳುನಾಡಿನಲ್ಲಿ ಇದೇ ಕಾರ್ಯವನ್ನು ‘ಬಳಿ’ ಎಂಬುದು ಮಾಡುತ್ತದೆ. ತುಳುನಾಡಿನ ಅಳಿಯಸಂತಾನದ ಸಮುದಾಯಗಳಲ್ಲಿ ಬಳಿ ತಾಯಿಯಿಂದ ಬರುತ್ತದೆ. ಟ್ಲಿಂಗಿಟ್ ಮತ್ತು ಹೈಡಾ ಜನರಲ್ಲಿಯೂ ಕುಲ ತಾಯಿಯದು. ಅಲ್ಲಿ ಇಡೀ ಸಮಾಜ ಎರಡು ಪಂಗಡಗಳಾಗಿ ಒಡೆದಿದ್ದು (ಹೈಡಾರಲ್ಲಿ ಕಾಗೆ ಮತ್ತು ಹದ್ದು), ಒಂದರವರು ಇನ್ನೊಂದರವರನ್ನೇ ಮದುವೆಯಾಗಬೇಕು. ತ್ಸಿಂಶಿಯನ್ನರಲ್ಲಿ ಇಂಥ ಪಂಗಡಗಳು ನಾಲ್ಕು. ಆದರೆ ಕ್ವಾಕ್ವಕವಾಕ್ವರಲ್ಲಿ ತಾಯಿ ತಂದೆ ಇಬ್ಬರ ಕಡೆಯಿಂದಲೂ ಹಕ್ಕು ಹರಿಯುತ್ತದೆ. ಅಂದಮೇಲೆ ಲಾಂಛನಗಂಬವನ್ನು ಒಂದೇ ಬಗೆಯ ಕುಲಪದ್ಧತಿಗೆ ಕಟ್ಟಿಹಾಕಲು ಬರುವುದಿಲ್ಲ. ಕರ್ನಾಟಕದಲ್ಲಿಯೂ ಪಿತೃಮೂಲದ ಬೆಡಗು, ಮಾತೃಮೂಲದ ಬಳಿ ಎರಡೂ ಇರುವುದರಿಂದ ಈ ಹೋಲಿಕೆ ಉಪಯುಕ್ತವಾಗುತ್ತದೆ.

ಬೆಡಗು ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೂ ಎರಡು ಅರ್ಥಗಳಿರುವುದು ತಿಳಿದ ವಿಷಯ: ಸೊಬಗು ಮತ್ತು ಗೂಢತೆ. ಬೆಡಗಿನ ವಚನಗಳಲ್ಲಿ ಕಪ್ಪೆ, ಸರ್ಪ, ಇರುವೆ, ಆನೆಗಳು ಬರುತ್ತವೆ. ಅವುಗಳ ಅರ್ಥ ಪರಂಪರೆಯನ್ನು ಬಲ್ಲವರಿಗೆ ಮಾತ್ರ ತೆರೆಯುತ್ತದೆ. ಈ ಪದಗಳ ವ್ಯುತ್ಪತ್ತಿ ಒಂದೇ ಎಂದು ಇಲ್ಲಿ ಸಾಧಿಸುತ್ತಿಲ್ಲ. ಆದರೆ ಕಾಣುವ ಪ್ರಾಣಿಯೊಂದು, ಸೂಚಿತವಾದ ಸಂಬಂಧವೊಂದು, ಅದನ್ನು ಬಿಡಿಸುವ ಅಧಿಕಾರ ಕೆಲವರಿಗೆ ಮಾತ್ರ ಎಂಬ ರಚನೆ ಎರಡರಲ್ಲಿಯೂ ಸಮಾನವಾಗಿದೆ.

ಬೀದರ ಗಡಿಭಾಗದಲ್ಲಿ ಬೆಡಗಿನ ಪಕ್ಕದಲ್ಲಿ ಮರಾಠಿ ಮೂಲದ ಸಮುದಾಯಗಳ ‘ದೇವಕ’ವನ್ನೂ ಇಟ್ಟು ನೋಡಬೇಕು. ಕದಂಬದ ಕೊಂಬೆ, ಪಂಚಪಲ್ಲವ, ನವಿಲುಗರಿ, ಶಂಖ, ಖಡ್ಗದ ಅಲಗು ಮುಂತಾದವು ದೇವಕಗಳಾಗಿರುತ್ತವೆ. ಒಂದೇ ದೇವಕದವರಲ್ಲಿ ಮದುವೆಯಿಲ್ಲ. ಬೆಡಗಿಗಿಂತ ಇದು ಒಂದು ಮುಖ್ಯ ಅಂಶದಲ್ಲಿ ಭಿನ್ನವಾಗಿದೆ: ಬೆಡಗು ಬಹುಮಟ್ಟಿಗೆ ಹೆಸರಾಗಿ ಉಳಿದಿದ್ದರೆ, ದೇವಕವನ್ನು ಮದುವೆಯ ಸಂದರ್ಭದಲ್ಲಿ ವಸ್ತುರೂಪದಲ್ಲಿ ತಂದು ಪ್ರತಿಷ್ಠಾಪಿಸಲಾಗುತ್ತದೆ. ಎಂಥೋವನ್ ಅವರು ದೇವಕವನ್ನು ಕುಲಚಿಹ್ನೆಯೆಂದು ಗುರುತಿಸಲು ಈ ಆಚರಣೆಯೇ ಆಧಾರವಾಯಿತು.

ಇಲ್ಲಿಯೇ ಗೊಂಡರ ವಿಷಯವನ್ನೂ ಸೂಚಿಸಬೇಕು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಗೊಂಡ, ನಾಯಕಪೋಡ, ರಾಜಗೊಂಡ ಎಂಬ ನಮೂದಿದೆ. ಬೀದರ ಮತ್ತು ಕಲಬುರಗಿ ಭಾಗದ ಕುರುಬರು ತಾವು ಗೊಂಡರೇ ಎಂದು ಹೇಳುತ್ತ ಆ ಮಾನ್ಯತೆಯನ್ನು ಬಹುಕಾಲದಿಂದ ಕೇಳುತ್ತಿದ್ದಾರೆ. ಇಂಥ ವಾದಗಳಲ್ಲಿ ಬೆಡಗಿನ ಹೆಸರುಗಳು, ವಿವಾಹನಿಯಮಗಳು ಕೇವಲ ಜಾನಪದ ಕುತೂಹಲವಾಗಿ ಉಳಿಯದೆ ಸಾಕ್ಷ್ಯದ ಬೆಲೆಯನ್ನು ಪಡೆಯುತ್ತವೆ. ಕುಲಚಿಹ್ನೆಯನ್ನು ಅಜಾಗರೂಕತೆಯಿಂದ ದಾಖಲಿಸುವುದು ಯಾರದೋ ಹಕ್ಕಿನ ಮೇಲೆ ಪರಿಣಾಮ ಬೀರಬಲ್ಲದು ಎಂಬುದನ್ನು ಸಂಶೋಧಕರು ನೆನಪಿಡಬೇಕಾಗಿದೆ.

5. ಕಂಬ ಮತ್ತು ಅನ್ಯಕುಲದ ಕೈ

ಕರ್ನಾಟಕದಲ್ಲಿ ಬೆಡಗನ್ನು ಕಂಬದಲ್ಲಿ ಕೆತ್ತುವ ಸಂಪ್ರದಾಯ ಕಾಣುವುದಿಲ್ಲ. ಹಾಗೆಂದು ಕುಲಕ್ಕೂ ಕಂಬಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ಮದುವೆಯ ಹಂದರಗಂಬ ಅಥವಾ ಹಾಲುಗಂಬ ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ. ಹಾಲು ಒಸರುವ ಮರದ ಕೊಂಬೆಯನ್ನು ತಂದು, ಅರಿಶಿನ ಕುಂಕುಮ ಹಚ್ಚಿ, ಕಂಕಣ ಕಟ್ಟಿ ಮದುವೆಯ ಚಪ್ಪರದಲ್ಲಿ ನೆಡುವ ವಿಧಿ ನಾಡಿನ ಅನೇಕ ಸಮುದಾಯಗಳಲ್ಲಿದೆ. ದೇವಕವುಳ್ಳ ಸಮುದಾಯಗಳಲ್ಲಿ ದೇವಕದ ಪ್ರತಿಷ್ಠೆಯೂ ಚಪ್ಪರದ ಕಂಬದ ಸನ್ನಿಧಿಯಲ್ಲಿ ನಡೆಯುವುದುಂಟು. ಕುಲವೊಂದು ತನ್ನ ಚಿಹ್ನೆಯನ್ನು ಬಹಿರಂಗವಾಗಿ, ನೆಂಟರ ಸಾಕ್ಷಿಯಲ್ಲಿ, ಒಂದು ನೆಟ್ಟ ಕಂಬದ ಬಳಿ ತೋರಿಸುವ ಸಂದರ್ಭ ಇದು. ಬಾಳುವ ಅವಧಿ ಮಾತ್ರ ಕೆಲವು ದಿನಗಳದು.

ಹಾಲುಗಂಬದ ಶಾಸ್ತ್ರದಲ್ಲಿ ಹಲವು ಕಡೆ ಸೋದರಮಾವನಿಗೆ ವಿಶೇಷ ಸ್ಥಾನವಿದೆ. ಕೊಂಬೆಯನ್ನು ಕಡಿದು ತರುವುದು, ನೆಡುವುದು ಅವನ ಕೆಲಸ. ಅದಕ್ಕೆ ಅವನಿಗೆ ಉಡುಗೊರೆ ಸಲ್ಲುತ್ತದೆ. ಪಿತೃಮೂಲದ ಬೆಡಗುಳ್ಳ ಮನೆಯಲ್ಲಿ ಸೋದರಮಾವನು ತಪ್ಪದೆ ಬೇರೆ ಬೆಡಗಿನವನಾಗಿರುತ್ತಾನೆ ಎಂಬುದು ಇಲ್ಲಿ ಅರ್ಥಪೂರ್ಣ. ಟ್ಲಿಂಗಿಟ್ ಸಮಾಜದಲ್ಲಿಯೂ ಒಂದು ಪಂಗಡದವರು ತಮ್ಮ ಮನೆ ಕಟ್ಟುವ, ಕಂಬ ಕೆತ್ತುವ, ಶವಸಂಸ್ಕಾರ ಮಾಡುವ ಕೆಲಸಗಳನ್ನು ಎದುರು ಪಂಗಡದವರಿಗೆ, ಅಂದರೆ ತಮಗೆ ಹೆಣ್ಣುಗಂಡು ಕೊಟ್ಟು ತರುವ ಬೀಗರಿಗೆ, ಒಪ್ಪಿಸುತ್ತಿದ್ದರು. ಆಮೇಲೆ ‘ಪಾಟ್‌ಲಾಚ್’ ಎಂಬ ಮಹಾಸಂತರ್ಪಣೆಯಲ್ಲಿ ಅವರಿಗೆ ಸಂಭಾವನೆ ಸಲ್ಲಿಸುತ್ತಿದ್ದರು. ಸಂಭಾವನೆ ಪಡೆದ ಅತಿಥಿಗಳೇ ಲಾಂಛನದ ಹಕ್ಕಿಗೆ ಸಾಕ್ಷಿಗಳು. ತನ್ನ ಚಿಹ್ನೆಯನ್ನು ತಾನೇ ಎತ್ತಿ ನಿಲ್ಲಿಸಿದರೆ ಅದು ಬಡಾಯಿ. ಅನ್ಯರು ಎತ್ತಿ ನಿಲ್ಲಿಸಿದರೆ ಅದು ಮಾನ್ಯತೆ. ಈ ಎರಡು ಸಮಾಜಗಳಿಗೆ ಐತಿಹಾಸಿಕ ಸಂಬಂಧವೇನೂ ಇಲ್ಲ. ಕುಲದ ಹೊರಗಿನಿಂದ ಸಂಬಂಧ ಬೆಳೆಸಲೇಬೇಕಾದ ಸಮಾಜಗಳು ಕುಲದ ಗೌರವವನ್ನೂ ಹೊರಗಿನವರ ಕೈಯಿಂದಲೇ ಪಡೆಯುತ್ತವೆ ಎಂಬ ಸಾಮಾನ್ಯ ನಿಯಮವನ್ನು ಈ ಸಾದೃಶ್ಯ ಸೂಚಿಸುವಂತಿದೆ.

ಇದೇ ಪ್ರದೇಶದ ಇನ್ನೊಂದು ಕಂಬ ನಂದಿಕೋಲು. ವೀರಶೈವ ಪರಂಪರೆಯ ಜಾತ್ರೆಗಳಲ್ಲಿ ಹೊರುವ ಈ ಎತ್ತರದ ಕೋಲು ಕುಲಚಿಹ್ನೆಯಲ್ಲ, ಶಿವನ ಧ್ವಜ. ಆದರೂ ಹಕ್ಕಿನ ದೃಷ್ಟಿಯಿಂದ ಅದು ಲಾಂಛನಗಂಬಕ್ಕೆ ಹತ್ತಿರವಾಗುತ್ತದೆ. ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ. ಸಿದ್ಧರಾಮನ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ನಡೆಯುವ ವಿವಾಹದ ನೆನಪು ಅಲ್ಲಿಯ ವಿಧಿಗಳ ಕೇಂದ್ರವಾಗಿದೆ. ಯಾವ ಧ್ವಜದ ಮಾನ ಯಾವ ಮನೆತನಕ್ಕೆ, ಯಾವ ಸಮುದಾಯಕ್ಕೆ ಎಂಬುದು ನಿಗದಿಯಾಗಿದೆ, ಕ್ರಮ ತಪ್ಪುವಂತಿಲ್ಲ. ಕೋಲನ್ನು ನೋಡುವವರು ಅದರ ಎತ್ತರವನ್ನಷ್ಟೇ ಅಲ್ಲ, ಊರಿನ ಸಮುದಾಯಗಳ ಪರಸ್ಪರ ಸ್ಥಾನವನ್ನೂ ಓದುತ್ತಾರೆ.

6. ಸ್ಮಾರಕ: ಮರ ಮತ್ತು ಕಲ್ಲು

ಲಾಂಛನಗಂಬಗಳಲ್ಲಿ ಸ್ಮಾರಕಗಂಬಗಳದು ದೊಡ್ಡ ಪಾಲು. ಭಾರತದಲ್ಲಿ ಇದಕ್ಕೆ ಅತ್ಯಂತ ಸಮೀಪದ ಸಾದೃಶ್ಯ ಬಸ್ತರಿನ ಮಾರಿಯಾ ಗೊಂಡರ ಕೆತ್ತನೆಯ ಮರದ ಸ್ಮಾರಕಗಂಬಗಳಲ್ಲಿದೆ. ಕರ್ನಾಟಕದಲ್ಲಿ ಈ ಸ್ಥಾನವನ್ನು ಕಲ್ಲು ಆಕ್ರಮಿಸಿದೆ. ಚಿದಾನಂದಮೂರ್ತಿ, ಶೇಷಶಾಸ್ತ್ರಿ, ಕಲಬುರ್ಗಿ ಮೊದಲಾದ ವಿದ್ವಾಂಸರ ಅಧ್ಯಯನಗಳಿಂದ ವೀರಗಲ್ಲಿನ ಸ್ವರೂಪ ಸ್ಪಷ್ಟವಾಗಿದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ದೇವಾಂಗನೆಯರು ವೀರನನ್ನು ಒಯ್ಯುವುದು, ಮೇಲೆ ದೇವಸಾನ್ನಿಧ್ಯ. ಓದು ಕೆಳಗಿನಿಂದ ಮೇಲಕ್ಕೆ. ಲಾಂಛನಗಂಬಕ್ಕೆ ಇಂಥ ಸ್ಥಿರವಾದ ಓದುಕ್ರಮವಿಲ್ಲ. ಕಂಬದ ಬುಡದಲ್ಲಿರುವವನು ಕೀಳು ಎಂಬ ಅರ್ಥದ ಇಂಗ್ಲಿಷ್ ನುಡಿಗಟ್ಟು ತಪ್ಪು ತಿಳಿವಳಿಕೆಯ ಫಲ. ನೋಡುವವರ ಕಣ್ಣಮಟ್ಟದಲ್ಲಿ ಇರುವ ಬುಡದ ಆಕೃತಿಯೇ ಎಷ್ಟೋ ಸಲ ಹೆಚ್ಚಿನ ಮಹತ್ವದ್ದಾಗಿರುತ್ತದೆ.

ಪ್ರಾಣಿಯೇ ಸ್ಮರಣೆಗೆ ಪಾತ್ರವಾದ ಪ್ರಸಂಗಕ್ಕೆ ಕ್ರಿ.ಶ. 949-50ರ ಆತಕೂರು ಶಾಸನ ಪ್ರಸಿದ್ಧ ನಿದರ್ಶನ. ತಕ್ಕೋಲದ ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರನು ಬಹುಮಾನವಾಗಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಕಾಳಿ ಯಾರ ಕುಲಚಿಹ್ನೆಯೂ ಅಲ್ಲ. ಆದರೆ ಈ ಕಲ್ಲಿನ ಇಂದಿನ ಸ್ಥಿತಿ ಮುಂದಿನ ಚರ್ಚೆಗೆ ಪೀಠಿಕೆಯಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿದೆ. ತನ್ನನ್ನು ನಿತ್ಯವೂ ಪೂಜಿಸಬೇಕೆಂದು ತನ್ನ ಮೇಲೆಯೇ ಬರೆದುಕೊಂಡಿರುವ ಕಲ್ಲು ಪೂಜೆಯಿಲ್ಲದ ಕೋಣೆಯಲ್ಲಿದೆ. ಅಕ್ಷರವಿರುವುದರಿಂದ ಕಲ್ಲಿನ ಅರ್ಥ ಉಳಿಯಿತು, ಸಂಬಂಧ ಉಳಿಯಲಿಲ್ಲ.

7. ಮರದ ಆಯುಷ್ಯ

ಕಲ್ಲಿಗೆ ಒದಗುವ ಈ ಉಳಿವು ಮರಕ್ಕಿಲ್ಲ. ಮಳೆ ಹೆಚ್ಚಾದ ಕರಾವಳಿಯಲ್ಲಿ ಬಯಲಿಗೆ ನಿಂತ ಸೀಡರ್ ಕಂಬ ಹೆಚ್ಚೆಂದರೆ ನೂರು ವರ್ಷದ ಆಸುಪಾಸು ಬಾಳುತ್ತದೆ. ಬಿದ್ದ ಕಂಬವನ್ನು ಎತ್ತಿ ನಿಲ್ಲಿಸುವುದು ವಾಡಿಕೆಯಲ್ಲ. ಹಕ್ಕುಳ್ಳವರು ಬೇಕಾದರೆ ಸಂತರ್ಪಣೆ ನಡೆಸಿ ಹೊಸದನ್ನು ನಿಲ್ಲಿಸುತ್ತಿದ್ದರು. ಈ ಚಕ್ರ 19ನೆಯ ಶತಮಾನದ ಉತ್ತರಾರ್ಧದಲ್ಲಿ ಮುರಿಯಿತು. 1862ರ ಸಿಡುಬಿನ ಮಾರಿ ಹಳ್ಳಿಗಳನ್ನೇ ಬರಿದು ಮಾಡಿತು. ಕೆನಡಾ ಸರ್ಕಾರ 1884ರ ತಿದ್ದುಪಡಿಯ ಮೂಲಕ ಪಾಟ್‌ಲಾಚನ್ನು ಅಪರಾಧವೆಂದು ಸಾರಿತು. 1885ರಿಂದ ಜಾರಿಯಾದ ಈ ನಿಷೇಧ 1951ರವರೆಗೆ ಕಾಯ್ದೆಯಲ್ಲಿತ್ತು. ಸಂತರ್ಪಣೆಯಿಲ್ಲದೆ ಕಂಬವಿಲ್ಲ, ಕಂಬವಿಲ್ಲದೆ ಕೆತ್ತನೆಗಾರನಿಲ್ಲ ಎಂಬ ಸ್ಥಿತಿ ಒದಗಿತು. ಅದೇ ಅವಧಿಯಲ್ಲಿ ಜನರು ತೊರೆದಂತೆ ಕಂಡ ಊರುಗಳಿಂದ ಕಂಬಗಳನ್ನು ಕಡಿದು ದೂರದ ವಸ್ತುಸಂಗ್ರಹಾಲಯಗಳಿಗೆ ಒಯ್ಯಲಾಯಿತು.

ಇವುಗಳಲ್ಲಿ ಎರಡು ಕಂಬಗಳ ಕಥೆ ಉಲ್ಲೇಖಾರ್ಹ. ಹೈಸ್ಲಾ ಜನರ ನಾಯಕ ಗಿಪ್ಸ್‌ಗೋಲೊಕ್ಸನ ಹೆಸರಿನ ಕಂಬ 1872ರದು. 1929ರಲ್ಲಿ ಅದು ಸ್ವೀಡನ್ನಿಗೆ ಸಾಗಿಸಲ್ಪಟ್ಟಿತು. ಹೈಸ್ಲಾ ಜನರು 1990ರ ದಶಕದಲ್ಲಿ ಅದನ್ನು ಗುರುತಿಸಿ ಮರಳಿ ಕೇಳಿದರು. ಬದಲಿಗೆ ಹೊಸ ಕಂಬವೊಂದನ್ನು ಕೆತ್ತಿ ಸ್ಟಾಕ್‌ಹೋಮಿಗೆ ಕೊಟ್ಟರು. 2006ರಲ್ಲಿ ಮೂಲ ಕಂಬ ಮರಳಿತು. ಮರಳಿಸುವ ಮುನ್ನ ಅದನ್ನು ಸುರಕ್ಷಿತ ಕಟ್ಟಡದಲ್ಲಿಡಬೇಕೆಂಬ ಅಪೇಕ್ಷೆ ವಸ್ತುಸಂಗ್ರಹಾಲಯದ್ದು. ಕಂಬ ತನ್ನ ನೆಲದಲ್ಲಿ ಬಿದ್ದು ಮಣ್ಣಾಗಬೇಕು ಎಂಬುದು ಹೈಸ್ಲಾ ಪರಂಪರೆ. ಎರಡನೆಯದು ನಿಸ್‌ಗಾ ಜನರ ನೀಸ್‌ಜೂಲ್ ಕಂಬ. ಹೋರಾಟದಲ್ಲಿ ಮಡಿದ, ನಾಯಕಪದವಿಗೆ ಸಲ್ಲಬೇಕಾಗಿದ್ದ ವೀರನೊಬ್ಬನ ನೆನಪಿಗೆ 1860ರ ದಶಕದಲ್ಲಿ ಅವನ ಮನೆತನದ ಹೆಣ್ಣುಮಗಳೊಬ್ಬಳು ಕೆತ್ತಿಸಿದ್ದು. ನಮ್ಮ ಪರಿಭಾಷೆಯಲ್ಲಿ ಮರದ ವೀರಗಲ್ಲು. 1929ರಲ್ಲಿ ಮಾರಿಯಸ್ ಬಾರ್ಬೋ ಎಂಬ ಮಾನವಶಾಸ್ತ್ರಜ್ಞನ ಮೂಲಕ ಎಡಿನ್‌ಬರೋ ವಸ್ತುಸಂಗ್ರಹಾಲಯಕ್ಕೆ ಹೋದ ಸುಮಾರು 11 ಮೀಟರ್ ಎತ್ತರದ ಈ ಕಂಬ 2023ರಲ್ಲಿ ತವರಿಗೆ ಮರಳಿತು. ಅದನ್ನು ಒಯ್ದಾತನೂ ಒಬ್ಬ ಸಂಶೋಧಕ ಎಂಬುದನ್ನು ಜಾನಪದ ಸಂಗ್ರಾಹಕರು ಗಮನಿಸಬೇಕು.

ಕರ್ನಾಟಕದಲ್ಲಿ ಇದಕ್ಕೆ ಸಂವಾದಿಯಾಗಿ ನಿಲ್ಲುವುದು ಉಡುಪಿ ಜಿಲ್ಲೆಯ ಶಿರಿಯಾರದ ಬಳಿಯ ಮೆಕ್ಕೆಕಟ್ಟಿನ ನಂದಿಕೇಶ್ವರ ಸನ್ನಿಧಿ. ಇಲ್ಲಿಯ ಬಣ್ಣ ಬಳಿದ ಮರದ ಮೂರ್ತಿಗಳ ಸಮೂಹ ಭೂತಾರಾಧನೆಯ ಪ್ರದೇಶದಲ್ಲಿಯೇ ಅಪೂರ್ವವಾದುದು. ಹಂದಿರೂಪದ ಪಂಜುರ್ಲಿ, ಕೋಣರೂಪದ ಮೈಸಂದಾಯ, ಹುಲಿರೂಪದ ಪಿಲಿಚಾಮುಂಡಿ, ನಂದಿಗೋಣ ಮುಂತಾಗಿ ಪ್ರಾಣಿಮೂಲದ ದೈವಗಳು ಕರಾವಳಿಯಲ್ಲಿ ವಿಪುಲವಾಗಿರುವುದರಿಂದ ಇವನ್ನೂ ಟೋಟೆಮ್ ಎನ್ನುವ ಪ್ರವೃತ್ತಿಯುಂಟು. ಈ ಹೋಲಿಕೆ ಅಷ್ಟು ಬಿಗಿಯಾದುದಲ್ಲ. ಪಂಜುರ್ಲಿ ಒಂದು ಬಳಿಯ ಗುರುತಲ್ಲ; ಹಲವು ಬಳಿ, ಹಲವು ಜಾತಿಗಳು ಆರಾಧಿಸುವ ದೈವ. ಲಾಂಛನಗಂಬಕ್ಕೆ ಪೂಜೆಯಿಲ್ಲ, ಭೂತಮೂರ್ತಿಗೆ ಇದೆ. ಸಮಾನತೆಯಿರುವುದು ಬೇರೆಡೆ: ಎರಡೂ ಮರದವು, ಎರಡರ ಅರ್ಥವೂ ಹೇಳಿಕೆಯಲ್ಲಿದೆ, ಇಲ್ಲಿ ಅದು ಪಾಡ್ದನ ಮತ್ತು ನುಡಿಗಟ್ಟು, ಎರಡನ್ನೂ ಹೊರಗಿನವರು ಒಂದೇ ಬಗೆಯಲ್ಲಿ ತಪ್ಪಾಗಿ ಹೆಸರಿಸಿದರು. ಅಲ್ಲಿ ಮಿಷನರಿಗಳಿಗೆ ಲಾಂಛನ ವಿಗ್ರಹವಾಗಿ ಕಂಡಿತು. ಇಲ್ಲಿ ಬರ್ನೆಲ್ಲನ ಹೆಸರಿನಲ್ಲಿ 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾದ ಪಾಡ್ದನಗಳ ಅಮೂಲ್ಯ ಸಂಗ್ರಹಕ್ಕೆ ‘ತುಳುವರ ಪಿಶಾಚಾರಾಧನೆ’ ಎಂಬ ಅರ್ಥದ ಶೀರ್ಷಿಕೆ ಬಂತು.

1960ರ ದಶಕದಲ್ಲಿ ಮೆಕ್ಕೆಕಟ್ಟು ಸನ್ನಿಧಿಯ ಜೀರ್ಣೋದ್ಧಾರವಾಗಿ ಹೊಸ ಮೂರ್ತಿಗಳು ಬಂದವು, ಹಳೆಯವು ಚದುರಿದವು. ಅವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿ ಅಲ್ಲಿಯ ಹೆಸರಾಂತ ಸಂಗ್ರಹವಾಗಿವೆ. ಈ ಘಟನೆಯನ್ನು ಲಾಂಛನಗಂಬಗಳ ಅಪಹರಣಕ್ಕೆ ನೇರವಾಗಿ ಹೋಲಿಸುವುದು ಸರಿಯಲ್ಲ. ಇಲ್ಲಿ ಪರಂಪರೆ ಮುರಿಯಲಿಲ್ಲ. ಹಳೆಯ ಮರದಿಂದ ಹೊಸ ಮರಕ್ಕೆ ಸಾನ್ನಿಧ್ಯ ಸಾಗಿತು, ಆರಾಧನೆ ಮುಂದುವರಿಯಿತು. ಪುರಿಯ ಜಗನ್ನಾಥನ ದಾರುಮೂರ್ತಿಗಳು ನವಕಲೇವರದಲ್ಲಿ ಬದಲಾಗುವುದೂ (ಇತ್ತೀಚಿನದು 2015ರಲ್ಲಿ), ಹಳೆಯವನ್ನು ಆವರಣದಲ್ಲಿಯೇ ಹೂಳುವುದೂ ಇದೇ ತತ್ತ್ವದ ಮೇಲೆ. ಸಾನ್ನಿಧ್ಯ ತೆರವಾದ ಮರ ಜೀರ್ಣವಾಗಬೇಕು, ನೀರಿಗೋ ಮಣ್ಣಿಗೋ ಸೇರಬೇಕು ಎಂಬುದು ಸಂಪ್ರದಾಯ. ಆ ತೆರವಾದ ಮರವನ್ನೇ ಕಲಾಲೋಕ ಶಿಲ್ಪವೆಂದು ಎತ್ತಿಕೊಂಡಿತು.

ಇಲ್ಲಿ ಎರಡು ಕಾಲಗಣನೆಗಳು ಎದುರಾಗುತ್ತವೆ. 1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಶಿಲ್ಪ ಪ್ರಾಚ್ಯವಸ್ತುವಾಗಿ ರಕ್ಷಣೆಗೆ ಅರ್ಹವಾಗುತ್ತದೆ. ಮರದ ಆರಾಧನೆಯ ಪರಂಪರೆಯಲ್ಲಿ ಹೆಚ್ಚುಕಡಿಮೆ ಅದೇ ವಯಸ್ಸು ಮೂರ್ತಿಯ ಬಾಳಿನ ಕೊನೆ. ಕಾಯ್ದೆಗೆ ಎಲ್ಲಿ ಬೆಲೆ ಆರಂಭವಾಗುತ್ತದೆಯೋ ಆಚರಣೆಗೆ ಅಲ್ಲಿ ಬಿಡುಗಡೆ ಆರಂಭವಾಗುತ್ತದೆ. ಒಂದು ಪಕ್ಷವನ್ನು ಅಜ್ಞಾನವೆಂದೂ ಇನ್ನೊಂದನ್ನು ಲೋಭವೆಂದೂ ತಳ್ಳಿಹಾಕುವುದರಿಂದ ಪ್ರಯೋಜನವಿಲ್ಲ. ಮೆಕ್ಕೆಕಟ್ಟಿನ ಹಳೆಯ ಮೂರ್ತಿಗಳು ಸಂಪ್ರದಾಯದಂತೆ ಕರಗಿದ್ದರೆ ಅವುಗಳ ಕೆತ್ತನೆಯ ಹಿರಿಮೆ ಇಂದು ಯಾರಿಗೂ ತಿಳಿಯುತ್ತಿರಲಿಲ್ಲ. ಉಳಿದದ್ದರಿಂದ ಅವು ಊರಿನ ಹೇಳಿಕೆಯಿಲ್ಲದ ಬಿಡಿ ಆಕೃತಿಗಳಾದವು. ಹೈಸ್ಲಾ ಜನರು ಕಂಡುಕೊಂಡ ದಾರಿ ಇಲ್ಲಿ ಬೋಧಪ್ರದ. ಅವರು ವಸ್ತುವನ್ನಷ್ಟೇ ಕೇಳಲಿಲ್ಲ. ಹೊಸದನ್ನು ಕೆತ್ತಬಲ್ಲೆವು ಎಂಬುದನ್ನು ತೋರಿಸಿ ಹಳೆಯದನ್ನು ಪಡೆದರು. ಕೆತ್ತುವ ಕೈ ಮತ್ತು ಹೇಳುವ ಬಾಯಿ ಉಳಿದಿದ್ದರೆ ಮರ ಹೋದರೂ ಪರಂಪರೆ ಹೋಗುವುದಿಲ್ಲ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ‘ಟೋಟೆಮ್’ ಎಂಬ ಒಂದೇ ಪದದಡಿ ಬೆಡಗು, ದೇವಕ, ಭೂತ, ಲಾಂಛನಗಳನ್ನು ತರುವುದರಿಂದ ಅವುಗಳ ನಡುವಣ ವ್ಯತ್ಯಾಸ ಮರೆಯಾಗುತ್ತದೆ. ವಿವಾಹವನ್ನು ನಿಯಂತ್ರಿಸುವುದು ಬೆಡಗು, ಅದನ್ನೇ ಕಂಬದ ಬಳಿ ಕಣ್ಣಿಗೆ ಕಾಣಿಸುವುದು ದೇವಕ, ಹಕ್ಕನ್ನು ಸಾರುವುದು ಲಾಂಛನ, ಆರಾಧನೆಗೊಳ್ಳುವುದು ಭೂತ. ಎರಡು, ವಾಯವ್ಯ ಕರಾವಳಿಯ ಕಂಬಗಳಿಗೆ ಕನ್ನಡದಲ್ಲಿ ಅತ್ಯಂತ ಸಮೀಪವಾದುದು ಬುಡಕಟ್ಟಿನ ಆಚರಣೆಗಿಂತ ಮಿಗಿಲಾಗಿ ಶಾಸನಗಳ ಪ್ರಶಸ್ತಿ ಮತ್ತು ವೀರಗಲ್ಲು. ಮೂರು, ಚಿಹ್ನೆಯ ಅರ್ಥ ಅನ್ಯಕುಲದ ಸಾಕ್ಷಿಯಿಂದ ಸ್ಥಿರವಾಗುತ್ತದೆ. ಸೋದರಮಾವನ ಹಾಲುಗಂಬದಲ್ಲಿಯೂ ಬೀಗರು ಎತ್ತಿದ ಕಂಬದಲ್ಲಿಯೂ ಇದು ಸಮಾನ.

ಈ ಹಿನ್ನೆಲೆಯಲ್ಲಿ ಕ್ಷೇತ್ರಕಾರ್ಯದ ಕ್ರಮವೂ ಬದಲಾಗಬೇಕಾಗಿದೆ. ಬೆಡಗುಗಳ ಹೆಸರಿನ ಪಟ್ಟಿ ಮಾಡುವ ಕೆಲಸ ನೂರು ವರ್ಷದ ಹಿಂದೆಯೇ ಬಹುಮಟ್ಟಿಗೆ ಆಗಿದೆ. ಇಂದು ಆಗಬೇಕಾದುದು ಆ ಹೆಸರಿನ ಕಥೆಯನ್ನು ಯಾರು ಹೇಳಬಹುದು, ಯಾವ ಸಂದರ್ಭದಲ್ಲಿ ಹೇಳುತ್ತಾರೆ, ಯಾರ ಎದುರು ಹೇಳುವುದಿಲ್ಲ, ಕಂಬವನ್ನು ಯಾರು ತರುತ್ತಾರೆ, ಕೋಲನ್ನು ಯಾರು ಹೊರುತ್ತಾರೆ ಎಂಬುದರ ದಾಖಲೆ. ಹುಡಗಿ, ಹುಮನಾಬಾದ್, ಬಸವಕಲ್ಯಾಣ ಪರಿಸರದ ಒಂದೇ ಓಣಿಯಲ್ಲಿ ಬೆಡಗಿನ ಮನೆಯ ಹಂದರಗಂಬವನ್ನೂ ದೇವಕದ ಮನೆಯ ಹಂದರಗಂಬವನ್ನೂ ಹೋಲಿಸಿ ನೋಡುವ ಅವಕಾಶವಿದೆ. ಕನ್ನಡ ಮತ್ತು ಮರಾಠಿ ಎರಡನ್ನೂ ಬಲ್ಲ ಅಲ್ಲಿಯ ವಿದ್ಯಾರ್ಥಿಗಳಿಗೆ ಇದು ಕೈಗೆಟಕುವ ಸಂಶೋಧನ ವಿಷಯ. ಮದುವೆಗಳು ಊರ ಚಪ್ಪರದಿಂದ ಕಲ್ಯಾಣಮಂಟಪಕ್ಕೆ ಸಾಗುತ್ತಿರುವ ಈ ಕಾಲದಲ್ಲಿ ಸಿಮೆಂಟಿನ ನೆಲದಲ್ಲಿ ನೆಡಲಾಗದ ಕಂಬ ಮೊದಲು ಕುಂಡಕ್ಕೆ, ಆಮೇಲೆ ನೆನಪಿಗೆ ಸರಿಯುತ್ತದೆ. ಅದಕ್ಕೆ ಮುನ್ನ, ಹಕ್ಕುಳ್ಳವರ ಒಪ್ಪಿಗೆಯೊಂದಿಗೆ, ಕಂಬದ ಜೊತೆಗೆ ಅದರ ಮಾತನ್ನೂ ದಾಖಲಿಸುವ ಹೊಣೆ ಕನ್ನಡ ವಿಭಾಗಗಳ ಮೇಲಿದೆ.